ಪಂದ್ಯ ಇಲ್ಲಿ, ಪಂಚಾಯ್ತಿ ಎಲ್ಲಿ?

(ಕಡೂರು, ತರೀಕೆರೆ ಮತ್ತು ಅಜ್ಜಂಪುರದಲ್ಲಿ ನಡೆದ ಪಕ್ಷದ ಸಭೆಗಳಲ್ಲಿ ಮಾಡಿದ ಭಾಷಣ. ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಒಳಗೇ ಸೇರಿಸಿ ಬರೆದಿದೆ.)

ಸಂಗಾತಿಗಳೇ, ಅಂಗಡಿಯ ಬಾಗಿಲು ಹಾಕಿಕೊಂಡು ಬಂದಿರುವ ವರ್ತಕ ಮಿತ್ರರೇ, ತಾಯಂದಿರೇ,

ಕೂಲಿಯ ದರ, ಅಡಿಕೆಯ ಧಾರಣೆ, ಗಿರಣಿಯ ಬೋನಸ್ಸು ಇವುಗಳ ಮಾತು ಬಿಟ್ಟು ಈ ಮನುಷ್ಯ ಆಟದ ಸುದ್ದಿ ಎತ್ತಿಕೊಂಡು ಬಂದನಲ್ಲ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಕಡೂರಿನ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಹುಡುಗರ ಕಬಡ್ಡಿಗೂ ನಮ್ಮ ಎಣ್ಣೆ ಗಿರಣಿಗೂ ಏನಪ್ಪ ನಂಟು?" ಎಂದು ಕೇಳಿಯೇ ಬಿಟ್ಟರು. ನಂಟು ಇದೆ ಎಂದು ತೋರಿಸುವುದಕ್ಕೇ ನಾನು ಬಂದಿರುವುದು.

ತರೀಕೆರೆ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವರೊಬ್ಬರ ಮಗ ನನ್ನ ಶಿಷ್ಯ. ಹೆಸರು ಬೇಡ. ನಾನು ಮೇಷ್ಟ್ರಾಗಿದ್ದಾಗ ಅವನಿಗೆ ಮಗ್ಗಿ ಹೇಳಿಕೊಟ್ಟೆ. ಮಗ್ಗಿ ಬರಲಿಲ್ಲ, ಕಬಡ್ಡಿ ಬಂತು. ಹಣ ಕೊಟ್ಟು ಆಡಿಸುವ ಒಂದು ತಂಡದವರು ಅವನನ್ನು ಕರೆದುಕೊಂಡು ಹೋದರು. ಮೊದಲ ವರ್ಷ ಚೆನ್ನಾಗಿಯೇ ಆಡಿದ. ಎರಡನೆಯ ವರ್ಷ ಮಂಡಿ ಉಳುಕಿತು. ಆ ಹೊತ್ತಿಗೆ ಅಕ್ಕನ ಮದುವೆ ಬಂತು. 3 ದಿನದ ರಜೆಗೆ ಬಂದವನು 5 ದಿನ ಉಳಿದ. ಇದು ಶಿಸ್ತು ಭಂಗ ಎಂದು ತಂಡದವರು ಬಾಕಿ ಹಣವನ್ನು ಹಿಡಿದುಕೊಂಡರು. ಕರಾರಿನ ಅವಧಿ ಮುಗಿಯುವವರೆಗೆ ಬೇರೆ ಯಾರ ಪರವಾಗಿಯೂ ಆಡಕೂಡದೆಂದು ಕಾಗದ ಕಳಿಸಿದರು.

ಅವನ ತಾಯಿ ಕರಾರು ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಬಳಿ ತಂದರು. 22 ಪುಟ, ಎಲ್ಲವೂ ಇಂಗ್ಲಿಷು. ಹುಡುಗ ಪ್ರತಿಯೊಂದು ಪುಟದ ಕೆಳಗೂ ರುಜು ಹಾಕಿದ್ದಾನೆ. ಒಂದು ಪುಟವನ್ನೂ ಓದಿಲ್ಲ. 19ನೆಯ ಪುಟದಲ್ಲಿ ಹೀಗೆ ಬರೆದಿತ್ತು: ಏನೇ ತಕರಾರು ಬಂದರೂ ತಂಡದ ಮಾಲೀಕರು ನೇಮಿಸುವ ಒಬ್ಬ ಮಧ್ಯಸ್ಥರೇ ತೀರ್ಮಾನ ಮಾಡತಕ್ಕದ್ದು, ಮಧ್ಯಸ್ಥಿಕೆಯ ಪೀಠ ದೆಹಲಿ, ದೆಹಲಿಯ ಕೋರ್ಟುಗಳಿಗೆ ಮಾತ್ರವೇ ಅಧಿಕಾರ. ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಆ ತಾಯಿ, "ಯಾಕೆ ಮೇಷ್ಟ್ರೇ, ನಮ್ಮ ತರೀಕೆರೇಲಿ ಕೋರ್ಟಿಲ್ಲವಾ?" ಎಂದು ಕೇಳಿದರು.

ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಹೊರಟು ನಾನು ತಿಂಗಳುಗಟ್ಟಲೆ ವಕೀಲ ಸ್ನೇಹಿತರ ಮನೆಯ ಜಗುಲಿ ಕಾದಿದ್ದೇನೆ. ನಾನು ವಕೀಲನಲ್ಲ. ಅವರಿಂದ ಕೇಳಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇನೆ.

ವರ್ತಕ ಮಿತ್ರರಿಗೆ ಈ 19ನೆಯ ಪುಟ ಹೊಸದಲ್ಲ. ತಾವು ಮುಂಬಯಿಯಿಂದಲೋ ಬೆಂಗಳೂರಿನಿಂದಲೋ ಸರಕು ತರಿಸಿದ ಬಿಲ್ಲನ್ನು ಒಮ್ಮೆ ತಿರುವಿ ನೋಡಿ. ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ, ವ್ಯಾಜ್ಯಗಳು ಮುಂಬಯಿ ನ್ಯಾಯಾಲಯದ ವ್ಯಾಪ್ತಿಗೆ ಒಳಪಟ್ಟಿವೆ ಎಂದು ಅಚ್ಚಾಗಿರುತ್ತದೆ. ಸರಕು ಒಡೆದು ಬಂದ ದಿನ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಕಲಮು ಸಾಮಾನ್ಯ ಮನುಷ್ಯನಿಗೆ ಅರ್ಥವಾಗುವ ಮಾತನ್ನೇ ಹೇಳುತ್ತದೆ. ಪ್ರತಿವಾದಿ ಎಲ್ಲಿ ವಾಸಿಸುತ್ತಾನೋ, ಎಲ್ಲಿ ವ್ಯಾಪಾರ ಮಾಡುತ್ತಾನೋ ಅಲ್ಲಿ ದಾವೆ ಹೂಡಬಹುದು. ವ್ಯಾಜ್ಯಕ್ಕೆ ಕಾರಣವಾದ ಸಂಗತಿ ಪೂರ್ತಿಯಾಗಿಯೋ ಭಾಗಶಃವೋ ಎಲ್ಲಿ ನಡೆಯಿತೋ ಅಲ್ಲಿಯೂ ಹೂಡಬಹುದು. ಹೀಗೆ ಎರಡು ಮೂರು ಊರುಗಳ ಕೋರ್ಟುಗಳಿಗೆ ಅಧಿಕಾರ ಇರುವಾಗ, ಅವುಗಳಲ್ಲಿ ಒಂದನ್ನೇ ಗೊತ್ತುಮಾಡಿಕೊಳ್ಳುತ್ತೇವೆ ಎಂದು ಉಭಯತರೂ ಕರಾರು ಮಾಡಿಕೊಂಡರೆ ಅದು ನಡೆಯುತ್ತದೆ ಎಂದು ಸುಪ್ರೀಂ ಕೋರ್ಟು 1971ರಲ್ಲಿ ಹಾಕಂ ಸಿಂಗರ ಮೊಕದ್ದಮೆಯಲ್ಲಿ ಹೇಳಿತು. ಆದರೆ ಸಂಬಂಧವೇ ಇಲ್ಲದ ಊರಿನ ಕೋರ್ಟಿಗೆ ಕರಾರಿನಿಂದ ಅಧಿಕಾರ ಹುಟ್ಟಿಸಲು ಬರುವುದಿಲ್ಲ.

ಇದರಲ್ಲಿ ಸಣ್ಣ ವರ್ತಕರು ಗೆದ್ದ ಕಥೆಯೂ ಒಂದಿದೆ. ನಮ್ಮ ಏಲಕ್ಕಿ ಸೀಮೆಯವರಿಗೆ ಇಷ್ಟವಾಗುವಂಥದು. ತಮಿಳುನಾಡಿನ ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರಿಗಳು ಪಟೇಲ್ ರೋಡ್‌ವೇಸ್ ಎಂಬ ಸಾಗಣೆ ಕಂಪೆನಿಯ ಮೂಲಕ ದೆಹಲಿಗೆ ಮಾಲು ಕಳಿಸಿದರು. ಮಾಲು ಹಾಳಾಯಿತು. ವ್ಯಾಪಾರಿಗಳು ತಮ್ಮ ಸೀಮೆಯ ಕೋರ್ಟಿನಲ್ಲೇ ದಾವೆ ಹಾಕಿದರು. ಕಂಪೆನಿ ರಸೀತಿ ತೋರಿಸಿ, ಬೊಂಬಾಯಿಗೆ ಬನ್ನಿ ಎಂದಿತು. ನಿಮ್ಮ ಶಾಖೆ ಇದ್ದ ಊರಿನಲ್ಲಿ ವ್ಯವಹಾರ ನಡೆದಿದೆ. ಹಾಗಿದ್ದಾಗ ಮುಖ್ಯ ಕಚೇರಿ ಬೊಂಬಾಯಿಯಲ್ಲಿದೆ ಎಂಬ ಮಾತ್ರಕ್ಕೆ ಬೊಂಬಾಯಿ ಕೋರ್ಟಿಗೆ ಅಧಿಕಾರ ಬರುವುದಿಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆದುದರಿಂದ ಬಿಲ್ಲಿನ ತಳದ ಸಾಲನ್ನು ನೋಡಿ ಹೆದರಿ ಮನೆಗೆ ಹೋಗಬೇಡಿ. ಆ ಕಂಪೆನಿಯ ಶಾಖೆ ಎಲ್ಲಿದೆ, ಸರಕನ್ನು ಎಲ್ಲಿ ಕೊಟ್ಟಿರಿ ಎಂಬುದನ್ನು ಮೊದಲು ವಕೀಲರಿಗೆ ತಿಳಿಸಿ.

ಗಿರಣಿಯ ಸಂಗಾತಿಗಳು ಕೇಳಬೇಕಾದ ಕಥೆ ಇಷ್ಟು ಸಿಹಿಯಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ನೌಕರರ ಮೊಕದ್ದಮೆ ತೀರ್ಮಾನವಾಯಿತು. ಒಬ್ಬರು ಪಾಟ್ನಾದಲ್ಲಿ ದುಡಿದವರು, ಇನ್ನೊಬ್ಬರು ದೆಹಲಿಯಲ್ಲಿ. ಕೆಲಸದಿಂದ ತೆಗೆದಾಗ ತಮ್ಮ ತಮ್ಮ ಊರುಗಳಲ್ಲೇ ದಾವೆ ಹೂಡಿದರು. ನೇಮಕದ ಕರಾರಿನಲ್ಲಿ ಮುಂಬಯಿ ಎಂದಿತ್ತು. ಮುಂಬಯಿಗೇ ಹೋಗಿ ಎಂದು ಸುಪ್ರೀಂ ಕೋರ್ಟು ಹೇಳಿತು. ಕರಾರು ಮಾಡಿಕೊಂಡವರಲ್ಲಿ ಒಬ್ಬರು ಬಲಿಷ್ಠ ಸಿಂಹ, ಇನ್ನೊಬ್ಬರು ಅಂಜುಬುರುಕ ಮೊಲ ಎಂಬ ಕಾರಣಕ್ಕೆ ಕಾನೂನಿನಲ್ಲಿ ಭೇದ ಮಾಡಲಾಗದು ಎಂಬುದು ತೀರ್ಪಿನ ತಾತ್ಪರ್ಯ. ಸಿಂಹ ಮತ್ತು ಮೊಲದ ಹೋಲಿಕೆ ನನ್ನದಲ್ಲ, ತೀರ್ಪಿನದೇ. ತೀರ್ಪಿಗೆ ತಲೆ ಬಾಗುತ್ತೇನೆ. ಆದರೆ ನಾನು ಹಳೆಯ ಮೇಷ್ಟ್ರು. ಮಕ್ಕಳಿಗೆ ಪಂಚತಂತ್ರದ ಸಿಂಹ ಮತ್ತು ಮೊಲದ ಕಥೆ ಹೇಳಿದವನು. ಆ ಕಥೆಯಲ್ಲಿ ಮೊಲ ಗೆದ್ದದ್ದು ಹೇಗೆ? ಸಿಂಹವನ್ನು ತನಗೆ ಗೊತ್ತಿದ್ದ ಬಾವಿಯ ಬಳಿಗೆ ಕರೆದುಕೊಂಡು ಹೋಗಿ. ಗುಹೆಯೊಳಗೆ ಹೋಗಿ ವಾದಿಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಈಗ ಆಟಗಾರರ ವಿಷಯಕ್ಕೆ ಬರುತ್ತೇನೆ. ಹಣಕ್ಕಾಗಿ ಆಡುವವನೂ ದುಡಿಮೆಗಾರನೇ. ನಿಷೇಧ ಎಂದರೆ ಅವನಿಗೆ ಕೆಲಸದಿಂದ ವಜಾ ಆದಂತೆ. ಅದೂ ಒಂದು ಗಿರಣಿಯಿಂದಲ್ಲ, ದೇಶದಲ್ಲಿರುವ ಎಲ್ಲ ಗಿರಣಿಗಳಿಂದ ಒಮ್ಮೆಗೇ. ಗಿರಣಿ ಕಾರ್ಮಿಕ 50 ವರ್ಷ ದಾಟಿದರೂ ದುಡಿಯಬಲ್ಲ. ಓಡುವವನ ಕಾಲು, ಚೆಂಡೆಸೆಯುವವನ ಭುಜ 10 ವರ್ಷ ಬಾಳಿದರೆ ಪುಣ್ಯ. ಹೀಗಾಗಿ ವಿಚಾರಣೆ ಎಲ್ಲಿ ಎಂಬ ತಕರಾರಿನಲ್ಲೇ 2 ವರ್ಷ ಕಳೆದರೆ, ಅವನು ಮೊಕದ್ದಮೆ ಗೆದ್ದೂ ಸೋತಂತೆ.

ಕ್ರಿಕೆಟ್ ಮಂಡಲಿಯನ್ನೇ ತೆಗೆದುಕೊಳ್ಳಿ. ಅದು ಸರ್ಕಾರವಲ್ಲ, ಮದ್ರಾಸಿನಲ್ಲಿ ನೋಂದಣಿಯಾದ ಸಂಘ, ಕಚೇರಿ ಮುಂಬಯಿಯಲ್ಲಿ. ಸಂವಿಧಾನದ ಅರ್ಥದಲ್ಲಿ ಮಂಡಲಿಯು "ರಾಜ್ಯ" ಅಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರಲ್ಲಿ ಮೂವರು ಹೇಳಿದರು. ಆದರೂ ಅದು ಸಾರ್ವಜನಿಕ ಕಾರ್ಯ ಮಾಡುವುದರಿಂದ 226ನೆಯ ವಿಧಿಯ ಮೇರೆಗೆ ಹೈಕೋರ್ಟಿನಲ್ಲಿ ಪ್ರಶ್ನಿಸುವ ದಾರಿ ತೆರೆದೇ ಇದೆ ಎಂದರು. 2015ರಲ್ಲಿ ಬಿಹಾರ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಅದೇ ಮಾತು ಗಟ್ಟಿಯಾಯಿತು. ಸರಿ, ಹೈಕೋರ್ಟು ಎಂದರೆ ಯಾವ ಊರಿನ ಹೈಕೋರ್ಟು?

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಾಕಾ ವೆಂಕಟರಾವ್ ಎಂಬುವರು ಮದ್ರಾಸಿನ ಶಾಸನಸಭೆಗೆ ಆರಿಸಿ ಬಂದಿದ್ದರು. ಅವರ ಸದಸ್ಯತ್ವದ ಮೇಲೆ ಚುನಾವಣಾ ಆಯೋಗ ವಿಚಾರಣೆಗೆ ಹೊರಟಾಗ ಮದ್ರಾಸ್ ಹೈಕೋರ್ಟಿನಿಂದ ತಡೆ ತಂದರು. ಆಯೋಗದ ಕಚೇರಿ ದೆಹಲಿಯಲ್ಲಿದೆ, ಮದ್ರಾಸಿನ ಹೈಕೋರ್ಟಿನ ಕೈ ಅಲ್ಲಿಯವರೆಗೆ ಚಾಚದು ಎಂದು 1953ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1961ರಲ್ಲೂ ಅದೇ ತತ್ವವನ್ನು ಎತ್ತಿ ಹಿಡಿಯಿತು. ಇದರ ಫಲ ಏನು ಗೊತ್ತೇ? ದೇಶದ ಯಾವ ಮೂಲೆಯವನಾದರೂ ಕೇಂದ್ರ ಸರ್ಕಾರದ ಮೇಲೆ ರಿಟ್ ಹಾಕಬೇಕಾದರೆ, ಆಗ ದೆಹಲಿಯ ಮೇಲೆ ಅಧಿಕಾರವಿದ್ದ ಪಂಜಾಬ್ ಹೈಕೋರ್ಟಿಗೆ ಓಡಬೇಕು! ಬೀರೂರು ಜಂಕ್ಷನ್ನಿನಲ್ಲಿ ರೈಲ್ವೆಯ ಕೆಲಸ ಕಳೆದುಕೊಂಡವನಿಗೆ ಮೊದಲು ಬೇಕಾದದ್ದು ವಕೀಲನಲ್ಲ, ರೈಲಿನ ಟಿಕೇಟು. 1963ರಲ್ಲಿ ಸಂವಿಧಾನಕ್ಕೆ 15ನೆಯ ತಿದ್ದುಪಡಿಯಾಯಿತು. ಕಚೇರಿ ಎಲ್ಲಿಯೇ ಇರಲಿ, ವ್ಯಾಜ್ಯಕಾರಣದ ಒಂದು ಭಾಗ ನಡೆದ ಸೀಮೆಯ ಹೈಕೋರ್ಟು ಅರ್ಜಿ ಕೇಳಬಹುದು ಎಂದಾಯಿತು. ಒಂದೇ ಒಂದು ಉಪವಿಧಿ. ಅದರಿಂದ ಬಡವನಿಗೆ ಎಷ್ಟು ದಿನದ ಕೂಲಿ ಉಳಿದಿದೆ ಎಂಬ ಲೆಕ್ಕವನ್ನು ಯಾರೂ ಹಾಕಿಲ್ಲ.

ಆ ಬಾಗಿಲಿನ ಬೆಲೆ ಶ್ರೀಶಾಂತ್ ಮೊಕದ್ದಮೆಯಲ್ಲಿ ಕಾಣುತ್ತದೆ. ದೂರು ಹುಟ್ಟಿದ್ದು 2013ರ ಮೇ ತಿಂಗಳಲ್ಲಿ ಮೊಹಾಲಿಯಲ್ಲಿ ನಡೆದ ಪಂದ್ಯದ ಬಗ್ಗೆ, ಬಂಧನವಾದದ್ದು ಮುಂಬಯಿಯಲ್ಲಿ, ಬಂಧಿಸಿದವರು ದೆಹಲಿಯ ಪೊಲೀಸರು, ಕ್ರಿಮಿನಲ್ ಮೊಕದ್ದಮೆ ದೆಹಲಿಯ ಪಟಿಯಾಲ ಹೌಸ್ ಕೋರ್ಟಿನಲ್ಲಿ, ಆಜೀವ ನಿಷೇಧ ಹಾಕಿದ್ದು ಕ್ರಿಕೆಟ್ ಮಂಡಲಿಯ ಶಿಸ್ತು ಸಮಿತಿ. ಆಟಗಾರ ಕೇರಳದವರು. 2015ರಲ್ಲಿ ದೆಹಲಿಯ ಕೋರ್ಟು ಅವರನ್ನು ಆರೋಪದಿಂದ ಬಿಡುಗಡೆ ಮಾಡಿತು. ಮಂಡಲಿ ಮಾತ್ರ ನಿಷೇಧ ಬಿಡಲಿಲ್ಲ. ಆಗ ಅವರು ತಮ್ಮ ರಾಜ್ಯದ ಹೈಕೋರ್ಟಿಗೆ ಹೋದರು. 2017ರ ಆಗಸ್ಟ್‌ನಲ್ಲಿ ಅಲ್ಲಿನ ಏಕ ನ್ಯಾಯಾಧೀಶರ ಪೀಠ ನಿಷೇಧ ತೆಗೆಯಿತು, ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ ಮತ್ತೆ ಹೇರಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ತಪ್ಪಿನ ನಿರ್ಣಯ ಇರಲಿ, ಶಿಕ್ಷೆಯ ಪ್ರಮಾಣವನ್ನು ಪುನಃ ಯೋಚಿಸಿ ಎಂದಿತು. ಆಜೀವ ನಿಷೇಧ 7 ವರ್ಷಕ್ಕೆ ಇಳಿಯಿತು. ಅವರು ನಿರಪರಾಧಿ ಎಂದು ವಾದಿಸಲು ನಾನು ಬಂದಿಲ್ಲ. ಬಾಗಿಲು ಮನೆಯ ಹತ್ತಿರ ಇದ್ದುದರಿಂದ ತಟ್ಟಲು ಸಾಧ್ಯವಾಯಿತು ಎಂಬುದಷ್ಟೇ ನನ್ನ ಮಾತು.

ಹೈದರಾಬಾದಿನ ಅಜರುದ್ದೀನರೂ ತಮ್ಮ ಊರಿನ ಸಿವಿಲ್ ಕೋರ್ಟಿನಲ್ಲೇ ದಾವೆ ಹೂಡಿದರು. 2000ದ ಡಿಸೆಂಬರ್‌ನಲ್ಲಿ ಬಿದ್ದ ಆಜೀವ ನಿಷೇಧ ಕಾನೂನಿನಲ್ಲಿ ನಿಲ್ಲದು ಎಂದು ಆಂಧ್ರಪ್ರದೇಶ ಹೈಕೋರ್ಟು ಹೇಳಿದ್ದು 2012ರ ನವೆಂಬರ್‌ನಲ್ಲಿ. ಆಗ ಅವರಿಗೆ 49 ವರ್ಷ. ಊರ ಕೋರ್ಟು ಸಿಕ್ಕಿದರೆ ಸಾಕು ಎಂದು ಯಾರೂ ಭ್ರಮಿಸಬಾರದು. ಬ್ಯಾಟು ಹಿಡಿಯುವ ವಯಸ್ಸು ಮೀರಿದ ಮೇಲೆ ಬಂದ ತೀರ್ಪು ಅದು.

ನಮ್ಮ ರಾಜ್ಯದ್ದೇ ಒಂದು ಸಂಗತಿ ಇದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ಹಣ ಪಡೆದು ಮಂದವಾಗಿ ಆಡಿದರೆಂದು ಬೆಂಗಳೂರು ಪೊಲೀಸರು ಆಟಗಾರರನ್ನು ಹಿಡಿದು ವಂಚನೆಯ ಮೊಕದ್ದಮೆ ಹಾಕಿದರು. 2022ರ ಜನವರಿಯಲ್ಲಿ ನಮ್ಮ ಹೈಕೋರ್ಟು ಅದನ್ನು ರದ್ದು ಮಾಡಿತು. ಆರೋಪ ನಿಜವೇ ಆಗಿದ್ದರೂ ಅದು ಅಪ್ರಾಮಾಣಿಕತೆ, ಅಶಿಸ್ತು ಆದೀತು. ದಂಡಸಂಹಿತೆಯ 420ನೆಯ ಕಲಮಿನ ವಂಚನೆ ಆಗದು. ಶಿಸ್ತಿನ ಕ್ರಮ ಕ್ರಿಕೆಟ್ ಮಂಡಲಿಗೆ ಸೇರಿದ್ದು ಎಂದಿತು. ಆ ಪ್ರಶ್ನೆ ಅನಂತರ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ನೋಡಿ, ಇಲ್ಲಿ ಊರಿನ ಪ್ರಶ್ನೆಯ ಬದಲು ಮನೆಯ ಪ್ರಶ್ನೆ ಬಂತು: ಸರ್ಕಾರದ ಕೋರ್ಟೋ, ಧಣಿಗಳ ಸಂಘದ ಚಾವಡಿಯೋ? ಧಣಿಯೇ ದೂರುದಾರ, ಧಣಿಯೇ ತೀರ್ಪುಗಾರ ಆಗುವ ಚಾವಡಿಯ ರುಚಿ ಗಿರಣಿಯವರಿಗೆ ಗೊತ್ತು. ಗಿರಣಿಯೊಳಗಿನ ಶಿಸ್ತು ವಿಚಾರಣೆಯೂ ಇದೇ ಅಲ್ಲವೇ!

ಇನ್ನು ಸಮುದ್ರದ ಆಚೆಗೆ ಹೋಗೋಣ. ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿಯವರನ್ನು ತಾವು ಮರೆತಿರಲಾರಿರಿ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಚೀನಾದ ಗುವಾಂಗ್‌ಜೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. 2011ರಲ್ಲಿ ಅವರೂ ಜೊತೆಯ ಓಟಗಾರ್ತಿಯರೂ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಪೂರಕ ಆಹಾರದಿಂದ ಹೀಗಾಯಿತು, ತಮಗೆ ತಿಳಿಯದು ಎಂಬುದು ಅವರ ವಾದ. ನಮ್ಮ ದೇಶದ ಶಿಸ್ತು ಮಂಡಲಿ ಅದನ್ನು ಪರಿಗಣಿಸಿ 1 ವರ್ಷದ ನಿಷೇಧ ಹಾಕಿತು. ಅಂತಾರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಇದಕ್ಕೆ ಒಪ್ಪದೆ, ಸ್ವಿಟ್ಜರ್ಲೆಂಡಿನ ಲೌಸಾನ್ ನಗರದಲ್ಲಿ 1984ರಿಂದ ಇರುವ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಮೇಲ್ಮನವಿ ಒಯ್ದಿತು. 2012ರ ಜುಲೈಯಲ್ಲಿ, ಲಂಡನ್ ಒಲಿಂಪಿಕ್ಸಿನ ಹೊಸ್ತಿಲಲ್ಲಿ, ಅಲ್ಲಿಂದ 2 ವರ್ಷ ಎಂದು ತೀರ್ಪು ಬಂತು. ಮದ್ದಿನ ಪಿಡುಗು ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲ ದೇಶಗಳಿಗೂ ಒಂದೇ ಅಳತೆಗೋಲು ಬೇಕು ಎಂಬುದೂ ನ್ಯಾಯವೇ. ಆದರೆ ಕುಂದಾಪುರದ ಸೀಮೆಯ ಹೆಣ್ಣುಮಗಳ ಮೇಲೆ ಕೊನೆಯ ಮಾತು ಆಡುವ ಪೀಠ ಲೌಸಾನಿನದು. ಅದರ ಮೇಲೆ ಕೇಳಬೇಕಾದರೆ ಸ್ವಿಟ್ಜರ್ಲೆಂಡಿನ ಸುಪ್ರೀಂ ಕೋರ್ಟಿಗೇ ಹೋಗಬೇಕು. ಆಟಕ್ಕೆ ಸೇರುವಾಗ ಈ ಷರತ್ತಿಗೆ ರುಜು ಹಾಕದಿದ್ದರೆ ಕಣಕ್ಕೆ ಇಳಿಯುವಂತಿಲ್ಲ. ಒಪ್ಪಿಗೆ ಎನ್ನುತ್ತಾರೆ ಇದನ್ನು.

ಜರ್ಮನಿಯಲ್ಲಿ 5 ಒಲಿಂಪಿಕ್ ಚಿನ್ನ ಗೆದ್ದ ಕ್ಲಾಡಿಯಾ ಪೆಕ್‌ಸ್ಟೈನ್ ಎಂಬ ಮಹಿಳೆ ಈ ಒಪ್ಪಿಗೆಯನ್ನೇ ಪ್ರಶ್ನೆ ಮಾಡಿದರು. ಮಂಜಿನ ಮೇಲೆ ಜಾರುವ ಓಟದವರು. 2009ರಲ್ಲಿ 2 ವರ್ಷದ ನಿಷೇಧವಾಯಿತು. ಲೌಸಾನ್ ಅದನ್ನು ಎತ್ತಿಹಿಡಿಯಿತು. ಅವರು ತಮ್ಮ ದೇಶದ ಕೋರ್ಟುಗಳಿಗೆ ಹೋದರು. 2016ರಲ್ಲಿ ಜರ್ಮನಿಯ ಉಚ್ಚ ಸಿವಿಲ್ ನ್ಯಾಯಾಲಯ, ನೀವು ರುಜು ಹಾಕಿದ್ದೀರಿ ಎಂದು ತಳ್ಳಿಹಾಕಿತು. 2018ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಅವರು ಕೇಳಿದ ಬಹಿರಂಗ ವಿಚಾರಣೆಯನ್ನು ನಿರಾಕರಿಸಿದ್ದು ತಪ್ಪು, ಅಂಥ ರುಜು ಸ್ವಇಚ್ಛೆಯದಲ್ಲ ಎಂದಿತು. 2022ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯವೂ ಅವರ ಪರ ನಿಂತು, 2016ರ ತೀರ್ಪನ್ನು ತೆಗೆದುಹಾಕಿ, ತಮ್ಮ ದೇಶದ ಕೋರ್ಟಿನಲ್ಲಿ ವಾದಿಸುವ ಬಾಗಿಲನ್ನು ಮತ್ತೆ ತೆರೆಯಿತು. 13 ವರ್ಷ ಹಿಡಿಯಿತು. ಆ ಮಹಿಳೆಗೆ ಹೆಸರಿತ್ತು, ಹಟವಿತ್ತು. ನಮ್ಮ ಮೂಟೆ ಹೊರುವವರ ಮಗನಿಗೆ ಹಟ ಮಾತ್ರ ಇದೆ.

ನಮ್ಮ ದೇಶದಲ್ಲೂ 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆ ಆಯಿತು. ಕ್ರೀಡಾ ಸಂಘಗಳ ವ್ಯಾಜ್ಯಗಳಿಗೆಂದೇ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿಯನ್ನು ಅದು ಗೊತ್ತುಮಾಡಿದೆ. ಬೇಗ ತೀರ್ಮಾನ ಆಗುವುದಾದರೆ ಸ್ವಾಗತ. ಆದರೆ ಆ ವಿಷಯಗಳಲ್ಲಿ ಸಿವಿಲ್ ಕೋರ್ಟುಗಳ ಬಾಗಿಲು ಮುಚ್ಚಿದೆ. ಮೇಲ್ಮನವಿ ನೇರವಾಗಿ ಸುಪ್ರೀಂ ಕೋರ್ಟಿಗೆ. ತರೀಕೆರೆಯ ಸಿವಿಲ್ ಕೋರ್ಟನ್ನೂ ಬೆಂಗಳೂರಿನ ಹೈಕೋರ್ಟನ್ನೂ ದಾಟಿ ರೈಲು ಒಂದೇ ಸಮನೆ ದೆಹಲಿಯಲ್ಲಿ ನಿಲ್ಲುತ್ತದೆ. ಹೈಕೋರ್ಟಿನ ರಿಟ್ ಅಧಿಕಾರವನ್ನು ಯಾವ ನ್ಯಾಯಮಂಡಲಿಯೂ ಕಿತ್ತುಕೊಳ್ಳಲಾಗದು ಎಂದು 1997ರಲ್ಲಿ ಸುಪ್ರೀಂ ಕೋರ್ಟಿನ ಏಳು ಮಂದಿ ನ್ಯಾಯಾಧೀಶರು ಚಂದ್ರಕುಮಾರ್ ಮೊಕದ್ದಮೆಯಲ್ಲಿ ಹೇಳಿರುವುದೊಂದು ನಮಗಿರುವ ಊರುಗೋಲು. ನ್ಯಾಯಮಂಡಲಿ ರಾಜ್ಯ ರಾಜ್ಯಗಳಲ್ಲಿ ಕುಳಿತು ವಿಚಾರಿಸಬೇಕು, ಆಟಗಾರನ ಭಾಷೆಯಲ್ಲಿ ಸಾಕ್ಷ್ಯ ತೆಗೆದುಕೊಳ್ಳಬೇಕು ಎಂದು ಪಕ್ಷ ಒತ್ತಾಯ ಮಾಡಬೇಕೆಂಬುದು ನನ್ನ ಸಲಹೆ. ಆಗದ ಮಾತೆಂದು ತಿಳಿಯಬೇಡಿ. ಬೀದರ್, ಬೆಳಗಾವಿಯವರು ಹೈಕೋರ್ಟಿಗಾಗಿ ಬೆಂಗಳೂರಿಗೆ ಅಲೆಯುತ್ತಿದ್ದರು; ಜನ ವರ್ಷಗಟ್ಟಲೆ ಕೂಗಿದ ಮೇಲೆ 2008ರಲ್ಲಿ ಧಾರವಾಡ, ಕಲಬುರಗಿಗಳಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅವು ಕಾಯಂ ಆದವು.

ಅಜ್ಜಂಪುರದಲ್ಲಿ ಒಬ್ಬ ಯುವಕ, ಈಗ ಫೋನಿನಲ್ಲೇ ವಿಡಿಯೋ ವಿಚಾರಣೆ ನಡೆಯುತ್ತದಲ್ಲ ಸಾರ್, ದೂರದ ಮಾತೇಕೆ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಅದರಿಂದ ರೈಲಿನ ಖರ್ಚು ಉಳಿಯುವುದು ನಿಜ. ದೆಹಲಿಯ ವಕೀಲರ ಫೀಜು ಉಳಿಯುವುದಿಲ್ಲ. ಹುಡುಗನ ಮಂಡಿ ನೋಡಿದ ಡಾಕ್ಟರು, ಮದುವೆಗೆ ಬಂದ ನೆರೆಹೊರೆಯವರು ಕನ್ನಡದಲ್ಲಿ ಹೇಳುವ ಸಾಕ್ಷಿ, ಸಿಗ್ನಲ್ ಕೈಕೊಡುವ ಪರದೆಯ ಮೇಲೆ ಎಷ್ಟು ಮುಟ್ಟೀತು? ಆದರೂ ಅದು ಇಲ್ಲದ್ದಕ್ಕಿಂತ ಮೇಲು. ನಾನು ಒಪ್ಪಿದೆ.

ಆ ತಾಯಿಗೆ ಕೊಟ್ಟ ಉತ್ತರ ಹೇಳಿ ಕುಳಿತುಕೊಳ್ಳುತ್ತೇನೆ. ಮಧ್ಯಸ್ಥಿಕೆಯ ಪೀಠ ದೆಹಲಿ ಎಂದು ಬರೆದಿರುವುದೇ ನಮಗೆ ದೊಡ್ಡ ತೊಡಕು. ಕೋರ್ಟಿನ ವಿಷಯದಲ್ಲಿ, ಸಂಬಂಧವಿಲ್ಲದ ಊರನ್ನು ಆರಿಸಲು ಬರುವುದಿಲ್ಲ ಎಂದೆನಲ್ಲ, ಮಧ್ಯಸ್ಥಿಕೆಯಲ್ಲಿ ಬರುತ್ತದೆ. ಪೀಠ ಎಂದು ಹೆಸರಿಸಿದ ಊರಿನ ಕೋರ್ಟಿಗೇ ಅಧಿಕಾರ ಎಂದು 2017ರಲ್ಲಿ ಇಂಡಸ್ ಮೊಬೈಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದುದರಿಂದ ತರೀಕೆರೆಯಲ್ಲಿ ದಾವೆ ಹಾಕಿಸುತ್ತೇನೆ ಎಂದು ಆ ತಾಯಿಗೆ ಸುಳ್ಳು ಭರವಸೆ ಕೊಡಲಿಲ್ಲ. ಎರಡು ಸಂದು ಸಿಕ್ಕಿವೆ. ವ್ಯಾಜ್ಯದಲ್ಲಿ ಹಿತವಿರುವ ಒಬ್ಬನೇ ತನಗೆ ಬೇಕಾದ ಮಧ್ಯಸ್ಥನನ್ನು ನೇಮಿಸಿಕೊಳ್ಳುವಂತಿಲ್ಲ ಎಂದು 2019ರ ಪರ್ಕಿನ್ಸ್ ತೀರ್ಪು ಹೇಳುತ್ತದೆ. ಇನ್ನೊಂದು, ಪೀಠ ಬೇರೆ, ಕುಳಿತು ವಿಚಾರಿಸುವ ಸ್ಥಳ ಬೇರೆ. 1996ರ ಮಧ್ಯಸ್ಥಿಕೆ ಕಾಯಿದೆಯ 20ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಮಧ್ಯಸ್ಥರು ಅನುಕೂಲವಾದ ಬೇರೆ ಊರಿನಲ್ಲಿ ಸಾಕ್ಷಿ ಕೇಳಬಹುದು. 22 ಪುಟವನ್ನೂ ಮತ್ತೊಮ್ಮೆ ಓದಿದೆ. ಬೇರೆ ಮಾತು ಇಲ್ಲ.

ಕಾನೂನು ನೆರವಿನ ವಕೀಲರೊಬ್ಬರು ನೋಟೀಸು ಬರೆದುಕೊಟ್ಟಿದ್ದಾರೆ: ಮಧ್ಯಸ್ಥರು ಇಬ್ಬರಿಗೂ ಒಪ್ಪಿಗೆಯಾದವರು ಆಗಬೇಕು, ಸಾಕ್ಷಿ ವಿಚಾರಣೆ ಬೆಂಗಳೂರಿನಲ್ಲಿ ನಡೆಯಬೇಕು, ಅದುವರೆಗೆ ಬೇರೆ ತಂಡಕ್ಕೆ ಆಡಲು ಅಡ್ಡಿ ಮಾಡಕೂಡದು ಎಂದು. 1987ರ ಕಾನೂನು ಸೇವೆಗಳ ಕಾಯಿದೆಯ ಮೇರೆಗೆ ಹೆಂಗಸರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ, ಕಡಿಮೆ ವರಮಾನದವರಿಗೆ ವಕೀಲರ ನೆರವು ಪುಕ್ಕಟೆ. ಕೈಗಾರಿಕಾ ಕಾರ್ಮಿಕರಿಗೂ ಅದು ಉಂಟೆಂಬುದು ನಮ್ಮ ಗಿರಣಿಯವರಲ್ಲಿ ಎಷ್ಟು ಜನಕ್ಕೆ ಗೊತ್ತು? ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿ.

ನೋಟೀಸು ರಿಜಿಸ್ಟರಾಗಿ ಹೋಗಿದೆ. ತಂಡದವರಿಂದ ಇನ್ನೂ ಉತ್ತರ ಬಂದಿಲ್ಲ. ಹುಡುಗ ಸದ್ಯಕ್ಕೆ ಅಪ್ಪನ ಜೊತೆ ಮೂಟೆ ಹೊರುತ್ತಿದ್ದಾನೆ. ಮಂಡಿಗೆ ಅದು ಒಳ್ಳೆಯದಲ್ಲ ಎಂದರೆ ಕೇಳುವುದಿಲ್ಲ. ಬರುವ ಭಾನುವಾರ ಸಂಜೆ ಪಕ್ಷದ ಕಚೇರಿಯಲ್ಲಿ ನಾನೂ ಆ ವಕೀಲರೂ ಕುಳಿತಿರುತ್ತೇವೆ. ಗಿರಣಿಯವರು ನೇಮಕದ ಕಾಗದ, ವರ್ತಕರು ದೊಡ್ಡ ಕಂಪೆನಿಗಳ ಏಜೆನ್ಸಿ ಕರಾರು ತನ್ನಿ. ರುಜು ಹಾಕಿ ಆಗಿದ್ದರೂ ತನ್ನಿ, ಹಾಕುವ ಮುಂಚೆಯಾದರೆ ಇನ್ನೂ ಒಳ್ಳೆಯದು.